ಬಕೆಟ್ಟು ನಡೆದ ದಾರಿ

ಹಾಲು ಕರೆಯುವವರೆಲ್ಲ ಹಸುವಿನ ಬಲಕ್ಕೆ ಕೂರುತ್ತಾರೆ. ಎಡಚಕ್ಕ ಎಡಕ್ಕೆ ಕೂರುತ್ತಿದ್ದಳು. ಇಷ್ಟೇ ಅವಳ ತಪ್ಪು. ಈ ತಪ್ಪನ್ನು ಅವಳು ಒಂಬತ್ತನೆಯ ವಯಸ್ಸಿನಿಂದ ಐವತ್ತೊಂದನೆಯ ವಯಸ್ಸಿನವರೆಗೆ ದಿನಕ್ಕೆರಡು ಹೊತ್ತು, ಒಂದು ಹೊತ್ತೂ ಬಿಡದೆ ಮಾಡಿಕೊಂಡು ಬಂದಿದ್ದಳು.

ಹುಟ್ಟಿದ್ದೇ ಎಡಗೈಯವಳಾಗಿ. ಊಟಕ್ಕೆ ಕೂತಾಗ ಅಪ್ಪ ಆ ಕೈಯ ಮೇಲೆ ಸೌಟಿನಿಂದ ಕುಟ್ಟಿದ. ಶಾಲೆಯಲ್ಲಿ ಮೇಷ್ಟ್ರು ಅಡಿಕೋಲಿನಿಂದ ಕುಟ್ಟಿದರು. ಅಮ್ಮ ಮೃದು ಮನಸ್ಸಿನವಳು, ಕುಟ್ಟಲಿಲ್ಲ. ಒಂದು ವಾರ ಆ ಕೈಗೆ ಬಟ್ಟೆ ಸುತ್ತಿ ಗಂಟು ಹಾಕಿ ನೋಡಿದಳು. ಹುಡುಗಿ ಗಂಟನ್ನು ಹಲ್ಲಿನಿಂದ ಬಿಚ್ಚಿಕೊಂಡಳು.

ಸೋದರಮಾವನ ಮನೆಯಲ್ಲೊಂದು ಹಸುವಿತ್ತು. ಕರುವಾಗಿದ್ದಾಗ ಅದರ ಬಲತೊಡೆಯನ್ನು ತಂತಿಬೇಲಿ ಸೀಳಿತ್ತಂತೆ. ಬಲಕ್ಕೆ ಯಾರು ಬಂದರೂ ಜಾಡಿಸಿ ಒದೆಯುತ್ತಿತ್ತು. ಮಾವನ ಮೊಣಕಾಲು ಎರಡು ಸಲ, ಅತ್ತೆಯ ಹಾಲಿನ ಪಾತ್ರೆ ಎಷ್ಟೋ ಸಲ ಅದರ ಕಾಲಿಗೆ ಸಿಕ್ಕಿದ್ದವು. ರಜೆಗೆ ಹೋದ ಹುಡುಗಿ ಯಾರನ್ನೂ ಕೇಳದೆ ಎಡಮಗ್ಗುಲಿಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು ಕೈ ಹಾಕಿದಳು. ಹಸು ಕತ್ತು ತಿರುಗಿಸಿ ನೋಡಿತು, ಅವಳ ಜಡೆ ಮೂಸಿತು, ಆಮೇಲೆ ಸೊರೆ ಬಿಟ್ಟು ಕೆಚ್ಚಲು ತುಂಬಿಸಿತು. ಹಾಲು ಪಾತ್ರೆಯ ತಳಕ್ಕೆ ಸುರ್ ಎಂದು ಬೀಳುವ ಸದ್ದಿಗೆ ಮಾವ ಓಡಿ ಬಂದ. “ಯಾರೂ ಏನೂ ಮಾತಾಡಬೇಡಿ,” ಎಂದು ಮನೆಯವರಿಗೆಲ್ಲ ಪಿಸುಗುಟ್ಟಿದ. “ಅವಳ ಕೈಯ ಮಾತಂತೂ ಎತ್ತಲೇಬೇಡಿ.”

ಜೀವನದಲ್ಲಿ ಮೊದಲ ಸಲ ಆ ಕೈಗೆ ಯಾರೂ ಏನೂ ಅನ್ನಲಿಲ್ಲ. ಅವಳ ಬದುಕು ಯಾವ ಕಡೆಗೆ ಹೊರಳಬೇಕೆಂದು ಅಲ್ಲಿಯೇ ತೀರ್ಮಾನವಾಯಿತು.

ಅವಳು ದರ್ಜಿಯೊಬ್ಬನನ್ನು ಮದುವೆಯಾದಳು. ಬಸ್ಸು ನಿಲ್ಲುವ ಬೀದಿಯಲ್ಲಿ ಅವನದು ಒಂದು ಕೋಣೆ. ಮುಂದಿನ ಅರ್ಧದಲ್ಲಿ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ಸಂಸಾರ. ಬೀದಿಯ ಕೊನೆಗೆ ದೊಡ್ಡ ಗೇಟು, ಗೇಟಿನ ಆಚೆ ತಗಡಿನ ಮಾಡಿನ ಕೊಟ್ಟಿಗೆ. ಅಲ್ಲಿ ಬೆನ್ನಿಗೆ ಬೆನ್ನಾಗಿ ಎರಡು ಸಾಲು, ಸಾಲಿಗೆ ಹನ್ನೆರಡರಂತೆ ಇಪ್ಪತ್ನಾಲ್ಕು ಹಸು. ನಡುವೆ ಸಿಮೆಂಟಿನ ಓಣಿ, ಓಣಿಯ ಉದ್ದಕ್ಕೂ ಗಂಜಲ ಹರಿಯುವ ಕಾಲುವೆ, ಮೂಲೆಯಲ್ಲಿ ಎಷ್ಟು ತಿರುಗಿಸಿದರೂ ತೊಟ್ಟಿಕ್ಕುವ ನಲ್ಲಿ. ಬಾಗಿಲ ಬದಿಯ ಸಾಲು ಎಡಚಕ್ಕನದು. ಗೋಡೆ ಬದಿಯ ಸಾಲು ಶಿಳ್ಳೆಯದು. ಶಿಳ್ಳೆ ಎಂದರೆ ಅವಳ ಜೊತೆ ಹಾಲು ಕರೆಯುವವನು. ಬಾಯಲ್ಲಿ ಸದಾ ಒಂದು ಶಿಳ್ಳೆ ಇದ್ದೇ ಇರುತ್ತಿದ್ದ ಕಾರಣ ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಂತಿತ್ತು. ಹೀಗೆ ಹನ್ನೊಂದು ವರ್ಷ.

ಕೊಟ್ಟಿಗೆಯ ಯಜಮಾನ ನಲವತ್ತರ ಆಸುಪಾಸಿನವನು. ಆದರೆ ಕೊಟ್ಟಿಗೆ ನಡೆಯುತ್ತಿದ್ದುದು ಅವನ ತಾಯಿಯ ಕಣ್ಣಳತೆಯಲ್ಲಿ. ಆಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಒಂದೇ ಒಂದು ಹಸುವಿನಿಂದ ಈ ಕೊಟ್ಟಿಗೆಯನ್ನು ಎತ್ತಿ ನಿಲ್ಲಿಸಿದ್ದ ಹೆಂಗಸು. ಆ ಹಸುವಿನ ಮಗಳೇ ಕೆಂದಿ. ಎಡಚಕ್ಕನ ಸಾಲಿನ ಮೊದಲ ಗೂಟ ಅದರದು. ಕೆಂಪು ಮೈ, ಬಿಳಿ ಹಣೆ, ನಡೆದು ಬಂದರೆ ದಾರಿ ಬಿಡಬೇಕು ಅನ್ನಿಸುವಂಥ ನಡಿಗೆ. ಎರಡೂ ಹೊತ್ತು ಮೊದಲು ಕೆಂದಿಯನ್ನೇ ಕರೆಯಬೇಕು, ಆ ಹಾಲು ಬೇರೆ ಪಾತ್ರೆಯಲ್ಲಿ ಮನೆಯೊಳಗೆ ಹೋಗಬೇಕು. ಕರೆಯುವ ಮುಂಚೆ ದೊಡ್ಡಮ್ಮ ತಾನೇ ಬಿಸಿನೀರಿನ ಬಕೆಟ್ಟು, ಬಿಳಿ ಬಟ್ಟೆ ಹಿಡಿದು ಬರುತ್ತಿದ್ದಳು. ಕೆಂದಿಯ ಕೆಚ್ಚಲನ್ನು ಮಗುವಿನ ಮುಖ ಒರೆಸಿದಷ್ಟು ನಯವಾಗಿ ಒರೆಸಿ, ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗುತ್ತಿದ್ದಳು. ಸಾಲಿನ ಕೊನೆ ಮುಟ್ಟುವಾಗ ನೀರು ತಣ್ಣಗಾಗಿ, ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು. ಕಾಲಿನ ನೋವಿಲ್ಲದ ದಿನ ಗೋಡೆ ಬದಿಯ ಸಾಲಿಗೂ ಅದೇ ಬಕೆಟ್ಟು ಸಾಗುತ್ತಿತ್ತು. ಇಷ್ಟು ಚೊಕ್ಕಟವಾದ ಕೊಟ್ಟಿಗೆ ಇನ್ನೆಲ್ಲಿದೆ ಎಂದು ನೋಡಲು ಬಂದವರು ಹೊಗಳಿ ಹೋಗುತ್ತಿದ್ದರು.

ಮೊದಲು ಕಾಯಿಲೆ ಬಿದ್ದದ್ದು ಕೆಂದಿಯ ಪಕ್ಕದ ಬೂದು ಹಸು. ಎಡಚಕ್ಕ ಅಭ್ಯಾಸದಂತೆ ಮೊದಲ ಎರಡು ಧಾರೆಯನ್ನು ನೆಲಕ್ಕೆ ಬಿಟ್ಟು ನೋಡಿದಳು. ಹಾಲಿನಲ್ಲಿ ಮೊಸರಿನ ಚೂರಿನಂಥ ಗಸಿ. ಮುಟ್ಟಿದರೆ ಕೆಚ್ಚಲಿನ ಒಂದು ಭಾಗ ಕಲ್ಲಿನಂತೆ ಗಟ್ಟಿ, ಒಲೆಯಂತೆ ಬಿಸಿ. ಕೆಚ್ಚಲು ಬಾವು. ಅವಳೇ ಓಡಿ ಹೋಗಿ ಹೇಳಿದಳು, ದನದ ಡಾಕ್ಟರಮ್ಮ ಬಂದು ಮೊಲೆಗೆ ಮದ್ದು ಏರಿಸಿದಳು, ಮದ್ದಿನ ಹಾಲು ಐದು ದಿನ ಚರಂಡಿಗೆ ಹೋಯಿತು. ಹತ್ತು ದಿನಕ್ಕೆ ಮೂರನೆಯ ಗೂಟದ ಹಸು. ಆಮೇಲೆ ಐದನೆಯದು. ಎರಡು ತಿಂಗಳಲ್ಲಿ ಅವಳ ಸಾಲಿನಲ್ಲಿ ಐದು, ಶಿಳ್ಳೆಯ ಸಾಲಿನಲ್ಲಿ ಎರಡು.

ಏಳನೆಯದು ಬಿದ್ದ ಸಂಜೆ ಯಜಮಾನ ಅವಳನ್ನು ಮೇವಿನ ಕೋಣೆಯ ಬಾಗಿಲಿಗೆ ಕರೆದ. ಒಳಗಿನ ಮೂಟೆಯ ಮೇಲೆ ದೊಡ್ಡಮ್ಮ ಕೂತಿದ್ದಳು.

“ಅಕ್ಕ, ತಪ್ಪು ತಿಳ್ಕೋಬೇಡ,” ಎಂದ ಯಜಮಾನ. “ಸ್ವಲ್ಪ ದಿನ ಮೇವು, ಸಗಣಿ ಕೆಲಸ ನೋಡ್ಕೋ. ಕರೆಯೋಕೆ ಬೇರೆ ಯಾರನ್ನಾದ್ರೂ ಹಾಕ್ತೀನಿ. ಸಂಬಳ ಅಷ್ಟೇ ಇರುತ್ತೆ.”

“ಸಂಬಳ ನಾನು ಕೇಳಿದ್ನಾ?”

“ಇಲ್ಲ...”

“ಯಾಕೆ ಬೇರೆಯವರು ಅಂತ ಕೇಳ್ತಾ ಇದ್ದೀನಿ.”

ಯಜಮಾನ ತಾಯಿಯ ಮುಖ ನೋಡಿದ. ದೊಡ್ಡಮ್ಮ ಸೀರೆಯ ನಿರಿಗೆಯನ್ನು ಸರಿಮಾಡಿಕೊಂಡಳು. “ನಿನ್ನ ಸಾಲಿನಲ್ಲೇ ಐದು ಬಿದ್ವಲ್ಲಮ್ಮ. ನಾನು ಏನೂ ಅನ್ನಲ್ಲ. ಆದ್ರೆ ಎಡಗೈ ಎಡಗೈನೇ. ಇಷ್ಟು ದಿನ ನಡೀತು, ನಡೀತು.”

“ಶಿಳ್ಳೆ ಸಾಲಿನಲ್ಲಿ ಎರಡು ಬಿದ್ವಲ್ಲ ದೊಡ್ಡಮ್ಮ, ಅವನದು ಬಲಗೈ. ಅದಕ್ಕೇನಂತೀರಿ?”

“ಎರಡೇ ತಾನೇ!”

ಕೊಟ್ಟಿಗೆಯಲ್ಲಿ ನಿಂತಿದ್ದ ಶಿಳ್ಳೆ ಶಿಳ್ಳೆ ನಿಲ್ಲಿಸಿದ. ಎಡಚಕ್ಕ ಕೂರುವ ಮಣೆಯನ್ನು ಬಗಲಿಗಿಟ್ಟುಕೊಂಡಳು.

“ಮಣೆ ಕೊಟ್ಟಿಗೇದು,” ಎಂದ ಯಜಮಾನ.

“ಇದನ್ನ ನಮ್ಮ ದರ್ಜಿ ಮಾಡಿಸಿಕೊಟ್ಟಿದ್ದು. ನಾನು ವಾಪಸ್ ಬಂದು ಕೂರೋವರೆಗೆ ಇದರ ಮೇಲೆ ಇನ್ಯಾರೂ ಕೂರಬಾರದು.” ಹೇಳಿದವಳೇ ಹೊರಟಳು. ಕೆಲಸ ಬಿಡುವ ಮಾತು ಅವಳ ಬಾಯಿಗೆ ಬರಲಿಲ್ಲ. ಬಿಟ್ಟರೆ ಅವರ ಮಾತು ನಿಜವಾದಂತೆ. ಸೌಟು, ಅಡಿಕೋಲು, ಗಂಟು ಯಾವುದಕ್ಕೂ ಬಗ್ಗದ ಕೈಯನ್ನು ಏಳು ಹಸುಗಳ ಹೆಸರಿನಲ್ಲಿ ಮಡಚಿಡುವುದಕ್ಕೆ ಅವಳು ತಯಾರಿರಲಿಲ್ಲ.

ಮರುದಿನದಿಂದ ಮೇವು ಹಾಕಿದಳು, ಸಗಣಿ ಬಾಚಿದಳು. ಅವಳ ಸಾಲಿಗೆ ಪಕ್ಕದ ಬೀದಿಯಿಂದ ಒಬ್ಬ ಬಲಗೈಯವನು ಬಂದ. ಹಸುಗಳು ಮೂರು ದಿನ ಅವನಿಗೆ ಸರಿಯಾಗಿ ಸೊರೆ ಬಿಡಲಿಲ್ಲ. ಅವು ಎಡಕ್ಕೆ ತಿರುಗಿ ಬೇರೆ ಯಾರನ್ನೋ ಹುಡುಕುವುದನ್ನು ಗೋದಲಿಯ ಹಿಂದಿನಿಂದ ನೋಡಿದಾಗ ಅವಳ ಕೈಯ ಮೇವು ಕೈಯಲ್ಲೇ ಉಳಿಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದಾಯಿತು, ಕೈ ಮತ್ತೆ ಓಡಿತು.

ಹದಿನಾಲ್ಕನೆಯ ದಿನ ಅವಳ ಹಳೆಯ ಸಾಲಿನಲ್ಲೇ ಎಂಟನೆಯ ಹಸು ಬಿತ್ತು.

“ಈಗ ಯಾರ ಕೈ?” ಎಂದು ಅವಳು ಸಲಿಕೆ ಊರಿ ನಿಂತು ಕೇಳಿದಳು.

“ಕೈ ಇಲ್ಲದಿದ್ರೆ ಕಣ್ಣು,” ಎಂದು ಶಿಳ್ಳೆ ತಮಾಷೆಗೆ ಹೇಳಿದ. “ಅಲ್ಲಿಂದ ಒಂದೇ ಸಮನೆ ದುರುಗುಟ್ಟಿ ನೋಡ್ತಾ ಇರ್ತೀಯಲ್ಲಕ್ಕ, ನನ್ನ ಹಾಲೇ ಒಡೆದುಹೋಗುತ್ತೆ.”

ತಮಾಷೆ ಸಂಜೆಯ ಹೊತ್ತಿಗೆ ದೊಡ್ಡಮ್ಮನ ಕಿವಿಗೆ ಬಿದ್ದು ಗಂಭೀರವಾಯಿತು. ಕರೆಯುವ ಹೊತ್ತಿನಲ್ಲಿ ಎಡಚಕ್ಕ ಹಸುಗಳ ಎದುರಿಗೆ ನಿಲ್ಲಬಾರದು ಎಂದು ಅಪ್ಪಣೆಯಾಯಿತು. ಅವಳು ಜೋರಾಗಿ ನಕ್ಕುಬಿಟ್ಟಳು. “ಸರಿ, ಹಿಂದೆ ನಿಲ್ತೀನಿ. ಹಸುಗಳಿಗೆ ನನ್ನ ಮುಖ ಕಾಣಲ್ಲ, ನನಗೆ ಅವುಗಳ ಕೆಚ್ಚಲು ಕಾಣುತ್ತೆ.”

ಕಂಡದ್ದು ಅಲ್ಲಿಂದಲೇ. ಹನ್ನೊಂದು ವರ್ಷ ಅವಳು ಒಂದೊಂದೇ ಹಸುವಿನ ಹೊಟ್ಟೆಗೆ ಹಣೆಯಾನಿಸಿ ಕೂತವಳು. ಪೂರ್ತಿ ಸಾಲನ್ನು ಒಟ್ಟಿಗೆ ಎಂದೂ ನೋಡಿರಲಿಲ್ಲ. ಈಗ ಓಣಿಯ ತುದಿಯಲ್ಲಿ ಸಗಣಿಯ ಗಾಡಿಯ ಪಕ್ಕ ನಿಂತು ನೋಡಿದಳು. ಬಕೆಟ್ಟು ಕೆಂದಿಯಿಂದ ಹೊರಟಿತು. ಬೂದು ಹಸುವಿನ ಬಳಿ ನಿಂತಿತು. ಮೂರನೆಯ ಗೂಟಕ್ಕೆ, ನಾಲ್ಕಕ್ಕೆ, ಐದಕ್ಕೆ ಹೋಯಿತು. ಬಟ್ಟೆ ಒಂದೇ. ನೀರು ಒಂದೇ. ಅದರ ಹಿಂದೆಯೇ ಕರೆಯುವವನ ಒದ್ದೆ ಕೈ.

ಮನೆಗೆ ಬಂದವಳೇ ಗಂಡನ ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಗುರುತು ಹಾಕುವ ಸೀಮೆಸುಣ್ಣದಿಂದ ಇಪ್ಪತ್ನಾಲ್ಕು ಚೌಕ ಬರೆದಳು.

“ಇದೇನು, ಯಾರಿಗೆ ಷರ್ಟು?” ಎಂದ ದರ್ಜಿ.

“ಹಸುಗಳಿಗೆ. ಸುಮ್ನಿರಿ.” ಬಿದ್ದ ಹಸುಗಳ ಚೌಕಕ್ಕೆ ಬಿದ್ದ ಕ್ರಮದಲ್ಲಿ ಒಂದು, ಎರಡು ಎಂದು ಬರೆಯುತ್ತ ಹೋದಳು. ಅಂಕಿಗಳು ಬಾಗಿಲ ಬದಿಯ ಸಾಲಿನ ತಲೆಯಲ್ಲಿ ದಟ್ಟವಾಗಿ, ಕೆಳಗೆ ಬರುತ್ತ ತೆಳುವಾಗಿ ಚೆಲ್ಲಿಕೊಂಡವು. ಗೋಡೆ ಬದಿಯವು ಎರಡೂ ಆ ಸಾಲಿನ ತಲೆಯ ಹಸುಗಳೇ. ಬಕೆಟ್ಟು ಅಲ್ಲಿಗೆ ದಾಟಿದಾಗ ಮೊದಲು ಮುಟ್ಟುವಂಥವು.

ದರ್ಜಿ ಕನ್ನಡಕ ಏರಿಸಿ ಬಗ್ಗಿದ. “ಮಸಿ ಸೋರೋ ಪೆನ್ನು ಜೇಬಿನಲ್ಲಿದ್ರೆ ಹೀಗೇ ಆಗುತ್ತೆ. ಹತ್ತಿರ ದಟ್ಟ, ದೂರ ತೆಳು.” ಮೊದಲ ಚೌಕದ ಮೇಲೆ ಬೆರಳಿಟ್ಟ. “ಇಲ್ಲಿ ಯಾಕೆ ಖಾಲಿ?”

“ಅದು ಕೆಂದಿ. ಅದಕ್ಕೆ ಏನೂ ಆಗಿಲ್ಲ. ಹಾಲು ಹತ್ತಿಯಷ್ಟು ಬಿಳಿ.”

“ಪೆನ್ನು ಇರೋ ಜೇಬು ಇದೇ ಅಲ್ವೇನೇ?”

ಅವಳು ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಆಮೇಲೆ ಆ ಖಾಲಿ ಚೌಕದ ಸುತ್ತ ಒಂದು ಗೆರೆ ಎಳೆದು ಕೇಳಿದಳು: “ನಿಮ್ಮ ಹತ್ರ ಹಳೇ ಬಿಳಿ ಬಟ್ಟೆ ಎಷ್ಟಿದೆ?”

ದರ್ಜಿ ಚೂರು ತುಂಬಿದ ಚೀಲ ಸುರಿದ. ಅಂಗೈಯ ಎರಡರಷ್ಟು ಅಗಲಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿಯಲು ಕೂತ.

“ಅಂಚು ಯಾಕ್ರೀ? ಕೆಚ್ಚಲಿಗೇನು ಮದುವೇನಾ?”

“ನೂಲು ಬಿಟ್ಕೊಂಡು ನೇತಾಡೋ ಬಟ್ಟೆ ನನ್ನ ಅಂಗಡಿಯಿಂದ ಆಚೆ ಹೋಗಲ್ಲ. ಹಸುವಿಗಾದ್ರೂ ಸರಿ, ಎಮ್ಮೆಗಾದ್ರೂ ಸರಿ.”

ಐದು ದಿನದ ಮೇಲೆ ಎಂಟನೆಯ ಹಸುವನ್ನು ಮತ್ತೆ ನೋಡಲು ಡಾಕ್ಟರಮ್ಮ ಬಂದಳು. ಮಂಡಿಯುದ್ದದ ರಬ್ಬರ್ ಬೂಟು, ಕೂದಲು ಬಿಗಿದು ಕಟ್ಟಿದ, ಹೆಚ್ಚು ಮಾತಾಡದ ಎಳೆಯ ಹೆಣ್ಣು. ಅವಳು ಚೀಲ ಮುಚ್ಚುವಷ್ಟರಲ್ಲಿ ಎಡಚಕ್ಕ ಸಲಿಕೆ ಗೋಡೆಗೊರಗಿಸಿ ಓಣಿಯ ನಡುವೆ ಬಂದು ನಿಂತಳು. ಯಜಮಾನ, ದೊಡ್ಡಮ್ಮ, ಶಿಳ್ಳೆ ಎಲ್ಲರೂ ಅಲ್ಲೇ ಇದ್ದರು.

“ಡಾಕ್ಟರಮ್ಮ, ನಿಮ್ಮ ಚೀಲದಲ್ಲಿ ನಾಲ್ಕು ಕುಳಿ ಇರೋ ತಟ್ಟೆ ಇದೆಯಲ್ಲ, ಅದರಲ್ಲಿ ಕೆಂದಿ ಹಾಲು ನೋಡಿ.”

“ಕೆಂದಿಗೇನಾಗಿದೆ?” ದೊಡ್ಡಮ್ಮನ ದನಿ ಏರಿತು. “ರೋಗ ಇಲ್ಲದ ಹಸುವಿಗೆ ರೋಗ ಹಚ್ಚೋಕೆ ನಿಂತ್ಯಾ?”

“ನನ್ನ ಕೈಯನ್ನ ಇಪ್ಪತ್ತು ದಿನದಿಂದ ಎಲ್ಲರೂ ಪರೀಕ್ಷೆ ಮಾಡ್ತಾ ಇದ್ದೀರಿ, ನಾನು ಸುಮ್ನಿದ್ದೆ. ಕೆಂದೀನ ಒಂದು ಸಲ ಮಾಡಿ. ಏನೂ ಇಲ್ಲ ಅಂತ ಬಂದ್ರೆ ನಾನು ಈ ಗೇಟಿನೊಳಗೆ ಕಾಲಿಡಲ್ಲ. ನಿಮ್ಮ ಮೇವಿಗೂ ಇಲ್ಲ, ಸಗಣಿಗೂ ಇಲ್ಲ.”

“ಅಕ್ಕ, ಇದೆಲ್ಲ ಯಾಕೆ,” ಎಂದು ಯಜಮಾನ ಶುರುಮಾಡಿದ. ಅಷ್ಟರಲ್ಲಿ ಡಾಕ್ಟರಮ್ಮ ಬೂಟಿನ ಸದ್ದು ಮಾಡುತ್ತ ಕೆಂದಿಯ ಹತ್ತಿರ ಹೋಗಿ ಕೂತಾಗಿತ್ತು. “ಎರಡು ನಿಮಿಷದ ಕೆಲಸ. ನೋಡೋಣ ಬಿಡಿ.”

ನಾಲ್ಕು ಮೊಲೆಯಿಂದ ನಾಲ್ಕು ಕುಳಿಗೆ ಒಂದೊಂದು ಧಾರೆ ಹಾಲು, ಅದಕ್ಕೆ ಸಮನಾಗಿ ನೇರಳೆ ಬಣ್ಣದ ದ್ರಾವಣ. ತಟ್ಟೆಯನ್ನು ಮೆಲ್ಲಗೆ ಗುಂಡಗೆ ತಿರುಗಿಸಿದಳು. ಮೂರು ಕುಳಿಯಲ್ಲಿ ಅದು ನೀರಿನಂತೆ ಸರಿದಾಡಿತು. ನಾಲ್ಕನೆಯದು, ಹಿಂದಿನ ಎಡಮೊಲೆಯದು, ನಿಧಾನವಾಯಿತು, ಗಟ್ಟಿಯಾಯಿತು, ಮೊಟ್ಟೆಯ ಬಿಳಿ ಲೋಳೆಯಂತೆ ಮುದ್ದೆಗಟ್ಟಿ ನಡುವೆ ಕೂತಿತು. ತಟ್ಟೆ ಓರೆ ಮಾಡಿದರೂ ಜಾರಲಿಲ್ಲ.

ಶಿಳ್ಳೆ ಬಗ್ಗಿ ನೋಡಿ, “ಅಯ್ಯಯ್ಯೋ,” ಎಂದ.

“ಒಳಗೆ ಬ್ಯಾಕ್ಟೀರಿಯಾ ಇದೆ,” ಎಂದಳು ಡಾಕ್ಟರಮ್ಮ. “ಬಹಳ ದಿನದಿಂದ ಇರಬೇಕು. ಹೊರಗೆ ಬಾವು ಕಾಣಲ್ಲ, ಹಾಲು ಕೆಡಲ್ಲ, ಹಸು ಚೆನ್ನಾಗೇ ಇರುತ್ತೆ. ಆದ್ರೆ ಒರೆಸೋ ಬಟ್ಟೆಯಲ್ಲಿ, ಕರೆಯೋ ಕೈಯಲ್ಲಿ ಪಕ್ಕದ ಹಸುವಿಗೆ ಹೋಗ್ತಾ ಇರುತ್ತೆ.” ಹಾಲಿನ ಮಾದರಿಯನ್ನು ಸಣ್ಣ ಸೀಸೆಗೆ ಹಿಡಿದು ಮುಚ್ಚಳ ಹಾಕಿದಳು. “ಯಾವುದು ಅಂತ ಲ್ಯಾಬಿನವರು ಹೇಳ್ತಾರೆ. ಅವತ್ತಿನವರೆಗೆ ಕಾಯೋದು ಬೇಡ, ಇವತ್ತಿಂದಲೇ ಇದನ್ನ ಎಲ್ಲಕ್ಕಿಂತ ಕೊನೇಲಿ ಕರೀರಿ.”

“ಕರೆಯೋ ಕೈ ಅಂದ್ರಲ್ಲ,” ಎಂದಳು ಎಡಚಕ್ಕ. ತನ್ನ ಎಡಗೈಯನ್ನು ಮುಂದೆ ಚಾಚಿದಳು. “ನನ್ನ ಕೈಯಿಂದಲೂ ಹೋಗಿರುತ್ತಾ?”

“ಹೋಗಿರುತ್ತೆ. ಕೆಂದಿಯಿಂದ ಎದ್ದು ಕೈ ತೊಳೆಯದೆ ಪಕ್ಕದ ಹಸುವಿಗೆ ಕೂತಿದ್ರೆ ಖಂಡಿತ.” ಡಾಕ್ಟರಮ್ಮ ಮುಖ ಎತ್ತಿ ನೋಡಿದಳು. “ಬ್ಯಾಕ್ಟೀರಿಯಾಕ್ಕೆ ಎಡ ಬಲ ಗೊತ್ತಾಗಲ್ಲ. ಯಾರ ಕೈಯಾದ್ರೂ ಅಷ್ಟೇ.”

ಎಡಚಕ್ಕ ಕಾಯುತ್ತಿದ್ದದ್ದು ಇದಕ್ಕಲ್ಲ. ನಿನ್ನ ಕೈ ಸ್ವಚ್ಛ ಎಂಬ ಒಂದು ಮಾತಿಗಾಗಿ ಅವಳು ಇಪ್ಪತ್ತು ದಿನ ಹಲ್ಲು ಕಚ್ಚಿ ಸಗಣಿ ಬಾಚಿದ್ದಳು. ಕೆಂದಿಯ ಹಾಲು ಇನ್ನೂ ಬೆರಳಿನ ಸಂದಿನಲ್ಲಿರುವಾಗಲೇ ಬೂದು ಹಸುವಿನ ಕೆಳಗೆ ಕೂರುತ್ತಿದ್ದದ್ದು ನೆನಪಾಯಿತು. ಸೆರಗಿಗೆ ಒರೆಸಿಕೊಂಡು ಕೂರುತ್ತಿದ್ದಳು. ಸೆರಗು! ಅವಳ ಕೆನ್ನೆ ಬಿಸಿಯಾಯಿತು. ಈ ಒಂದು ಮಾತನ್ನು ನುಂಗಿಕೊಂಡು ಉಳಿದದ್ದನ್ನು ಹೇಳಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

“ಎಲ್ಲರೂ ಕೇಳಿಸ್ಕೊಳ್ಳಿ,” ಎಂದಳು. “ನನ್ನ ಕೈಯಿಂದಲೂ ಹೋಗಿದೆ. ಒಪ್ಕೊಂಡೆ. ಆದ್ರೆ ಎಡಗೈ ಅಂತ ಹೋಗಿಲ್ಲ, ತೊಳೆಯದ ಕೈ ಅಂತ ಹೋಗಿದೆ. ಶಿಳ್ಳೆ ಕೈಯಿಂದಲೂ ಹೋಗಿದೆ. ಈ ಬಕೆಟ್ಟಿಂದ ನಮ್ಮಿಬ್ಬರಿಗಿಂತ ಜಾಸ್ತಿ ಹೋಗಿದೆ.”

ದೊಡ್ಡಮ್ಮ ಬಕೆಟ್ಟನ್ನು ಕೆಳಗಿಟ್ಟಳು. “ನಾನು ಒರೆಸಿದ್ದು ಚೊಕ್ಕಟವಾಗಿರಲಿ ಅಂತ.”

“ನಾನು ಕರೆದಿದ್ದೂ ಕಾಯಿಲೆ ಬರಲಿ ಅಂತ ಅಲ್ಲ ದೊಡ್ಡಮ್ಮ.”

ಯಜಮಾನನಿಗೆ ದಾರಿ ಸಿಕ್ಕಂತಾಯಿತು. “ಹಾಗಾದ್ರೆ ಕೆಂದೀನ ಮಾರಿಬಿಡೋಣ. ನೋಡೋಕೆ ಚೆನ್ನಾಗಿದಾಳೆ, ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ.”

“ಯಾರ ಕೊಟ್ಟಿಗೆಗೆ?” ಎಡಚಕ್ಕ ತಿರುಗಿ ನಿಂತಳು. “ಅಲ್ಲೂ ಒಂದು ಬಕೆಟ್ಟು ಇರುತ್ತೆ, ಅಲ್ಲೂ ನನ್ನಂಥವಳು ಒಬ್ಬಳಿರ್ತಾಳೆ. ಅವಳ ಕೈ ಮೇಲೆ ಹಾಕೋಣವಾ? ಡಾಕ್ಟರಮ್ಮ, ಇದನ್ನ ಇಲ್ಲೇ ಇಟ್ಕೊಂಡು ಏನಾದ್ರೂ ಮಾಡೋಕಾಗುತ್ತಾ?”

“ಹಾಲು ಕೊಡೋವಾಗ ಮದ್ದು ಸರಿಯಾಗಿ ಹಿಡಿಯಲ್ಲ. ಗಬ್ಬದ ಹಸು, ಇನ್ನೆರಡು ತಿಂಗಳಿಗೆ ಹಾಲು ಬತ್ತಿಸ್ತೀರಲ್ಲ, ಆಗ ಮೊಲೆಯೊಳಗೆ ಮದ್ದು ಹಾಕಿ ಮುಚ್ಚೋಣ. ಕರು ಹಾಕಿದ ಮೇಲೆ ಮತ್ತೆ ನೋಡೋಣ. ವಾಸಿಯಾಗುತ್ತೆ ಅಂತ ಬರೆದುಕೊಡಲ್ಲ. ಆಗದಿದ್ರೆ ಆಗ ಮನಸ್ಸು ಗಟ್ಟಿ ಮಾಡ್ಕೋಬೇಕು.”

“ಸರಿ, ಎರಡು ತಿಂಗಳು ನಾನು ಕೊನೇಲಿ ಕರೀತೀನಿ.”

“ನಾಳೆಯಿಂದ ಕರೆಯೋಕೆ ಬಾ ಅಂತ ನಾನಿನ್ನೂ ಹೇಳಿಲ್ಲವಲ್ಲಕ್ಕ,” ಎಂದ ಯಜಮಾನ.

“ನಾನೂ ಕೇಳಿಲ್ಲವಲ್ಲ. ಬರ್ತೀನಿ ಅಂತ ಹೇಳ್ತಾ ಇದ್ದೀನಿ. ಬಂದ ಮೇಲೆ ಒಂದು ಹಸುವಿಗೆ ಒಂದೇ ಬಟ್ಟೆ, ಒರೆಸಿದ್ದು ಕುದಿಯೋ ನೀರಿಗೆ. ಹಸು ಬದಲಾದಾಗೆಲ್ಲ ಕೈಗೆ ಸೋಪು. ಕರೆದ ಮೇಲೆ ಮೊಲೆಯನ್ನ ಡಾಕ್ಟರಮ್ಮ ಕೊಡೋ ಅಯೋಡಿನ್‌ಗೆ ಅದ್ದೋದು. ಹಸಿಮೇವು ಆಗ ಹಾಕಿದ್ರೆ ಅರ್ಧ ಗಂಟೆ ಮಲಗದೆ ನಿಂತಿರ್ತಾವೆ, ಅಷ್ಟರಲ್ಲಿ ಮೊಲೆಯ ಬಾಯಿ ಮುಚ್ಕೊಳ್ಳುತ್ತೆ. ಇದು ಆಗಲ್ಲ ಅಂದ್ರೆ ಈಗಲೇ ಹೇಳಿ. ಆ ಬಲಗೈಯವನನ್ನೇ ಇಟ್ಕೊಳ್ಳಿ, ಒಂಬತ್ತನೇದು ಯಾವಾಗ ಬೀಳುತ್ತೆ ಅಂತ ನೋಡ್ತಾ ಕೂತಿರಿ.”

ಯಜಮಾನ ತಾಯಿಯ ಕಡೆ ತಿರುಗಿದ. ದೊಡ್ಡಮ್ಮ ಕೆಂದಿಯ ಕತ್ತಿನಡಿಯ ಗಂಗೆದೊಗಲನ್ನು ಸವರುತ್ತ ನಿಂತಿದ್ದಳು.

“ಇವಳಮ್ಮನಿಂದ ಎದ್ದಿದ್ದು ಈ ಕೊಟ್ಟಿಗೆ,” ಎಂದಳು ಕೊನೆಗೆ. “ಅವಳನ್ನೂ ಮೊದಲೇ ಕರೀತಿದ್ದೆ. ಇವಳು ಕೊನೆಗೆ ನಿಲ್ಲೋದು ಅಂದ್ರೆ...”

ಮಾತು ಮುಗಿಸದೆ ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಎಡಚಕ್ಕ ಬಗಲಲ್ಲಿ ಮಣೆ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಬಂದಳು. ಕೆಂದಿಯನ್ನು ಬಿಚ್ಚಿ ಸಾಲಿನ ಆಚೆ ತುದಿಯ ಗೂಟಕ್ಕೆ ಕಟ್ಟಿದಳು. ಬಾವು ಬಂದು ಹೋದ ಹಸುಗಳನ್ನೂ ಅದರ ಮಗ್ಗುಲಿಗೆ ಸರಿಸಿದಳು. ಒಂಬತ್ತು ಹಸುಗಳನ್ನು ಹಗ್ಗ ಹಿಡಿದು ಆಚೀಚೆ ತಿರುಗಿಸುವುದು ಹುಡುಗಾಟದ ಕೆಲಸವಲ್ಲ. ಶಿಳ್ಳೆ ಬಯ್ಯುತ್ತಲೇ ಕೈ ಹಾಕಿದ. “ನಿಂಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತಕ್ಕ? ನನಗೆ ಶಿಳ್ಳೆ ಬಿಟ್ಟು ಬೇರೇನೂ ಹೊಳೆಯಲ್ಲ.”

“ಇಪ್ಪತ್ತು ದಿನ ಸಗಣಿ ಬಾಚು, ಹೊಳೆಯುತ್ತೆ.”

ಅವಳು ಚೆನ್ನಾಗಿರುವ ಹಸುಗಳಿಂದ ಶುರುಮಾಡಿದಳು. ಮೊದಲ ಬಟ್ಟೆ, ಮೊದಲ ಹಸು. ಎಡಮಗ್ಗುಲಿಗೆ ಮಣೆ ಎಳೆದು ಹಣೆಯಾನಿಸಿದೊಡನೆ ಅದು ಸೊರೆ ಬಿಟ್ಟಿತು. ಪಾತ್ರೆಯಲ್ಲಿ ಧಾರೆ ಬಿದ್ದ ಸದ್ದು ಓಣಿಗೆ ಕೇಳಿಸಿತೋ ಇಲ್ಲವೋ, ಆಚೆ ತುದಿಯಿಂದ ಕೆಂದಿ ಕೂಗಿತು.

ಅದಕ್ಕೆ ಕಾದು ಗೊತ್ತಿರಲಿಲ್ಲ. ಎರಡನೆಯ ಹಸುವಿಗೆ ಮತ್ತೆ ಕೂಗಿತು. ಐದನೆಯದಕ್ಕೆ ಹಗ್ಗ ಜಗ್ಗಿ, ಗೂಟ ಅಲುಗಿಸಿತು. ಏಳನೆಯದರ ಹೊತ್ತಿಗೆ ತುಂಬಿದ ಕೆಚ್ಚಲಿನಿಂದ ಹಾಲು ತಾನಾಗಿಯೇ ತೊಟ್ಟಿಕ್ಕತೊಡಗಿತು. ಮನೆಯ ಹಿಂಬಾಗಿಲು ತೆರೆದು ದೊಡ್ಡಮ್ಮ ಬಂದಳು. ಕೈಯಲ್ಲಿ ಏನೂ ಇರಲಿಲ್ಲ.

“ಕೇಳಿಸ್ತಾ ಇಲ್ವೇನೇ? ಹಾಲು ನೆಲಕ್ಕೆ ಸೋರ್ತಾ ಇದೆ.”

“ಕೇಳಿಸ್ತಾ ಇದೆ.”

“ಅವಳೊಬ್ಬಳನ್ನ ಕರೆದುಬಿಡು. ಆಮೇಲೆ ಕೈ ತೊಳ್ಕೊಂಡ್ರಾಯ್ತು.”

ಎಡಚಕ್ಕನ ಕೈ ಒಂದು ಕ್ಷಣ ತಡೆಯಿತು. ಕೆಂದಿಯ ಕೂಗು ಅವಳ ಬೆನ್ನಿಗೇ ಬಂದು ಬಡಿಯುತ್ತಿತ್ತು. ಹನ್ನೊಂದು ವರ್ಷ ಪ್ರತಿ ಹೊತ್ತೂ ಮೊದಲು ಮುಟ್ಟಿದ ಮೈ ಅದು.

“ಕಾಯಲಿ ದೊಡ್ಡಮ್ಮ. ನಾನೂ ಕಾದೆ.” ಎದ್ದು ನಲ್ಲಿಯ ಬಳಿ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಎಂಟನೆಯ ಹಸುವಿಗೆ ಎಂಟನೆಯ ಬಟ್ಟೆ ತೆಗೆದಳು.

ದೊಡ್ಡಮ್ಮ ಓಣಿಯಲ್ಲಿ ನಿಂತೇ ಇದ್ದಳು. ಹೋಗಿ ಕೆಂದಿಯ ಹಣೆ ಹಿಡಿದು ಸಮಾಧಾನ ಮಾಡಿ ಬಂದಳು. ಮತ್ತೆ ಬಂದು ನಿಂತಳು. ಕರೆದು ಮುಗಿದ ಹಸುಗಳ ಮೊಲೆಗಳು ಅಯೋಡಿನ್‌ನಲ್ಲಿ ಅದ್ದಿಸಿಕೊಂಡು ಕಂದು ಬಣ್ಣಕ್ಕೆ ತಿರುಗಿ, ಹಸುಗಳು ಹಸಿಮೇವು ಮುರಿಯುತ್ತ ನಿಂತಿದ್ದನ್ನು ನೋಡಿದಳು. ಎಡಚಕ್ಕ ಒಬ್ಬಳೇ ಕರೆದು, ಒರೆಸಿ, ಅದ್ದಿ, ಬಟ್ಟೆಯನ್ನು ಕುದಿಯುವ ಹಂಡೆಗೆ ಹಾಕಿ ಓಡಾಡುತ್ತಿದ್ದಳು. ಅವಳ ಸೊಂಟ ನೋಯುತ್ತಿರುವುದು ನಡಿಗೆಯಲ್ಲೇ ಕಾಣುತ್ತಿತ್ತು. ಕತ್ತಲಾಗುವುದರೊಳಗೆ ಮುಗಿಯುವಂತೆ ಕಾಣಲಿಲ್ಲ.

“ಕೊಡಿಲ್ಲಿ,” ಎಂದಳು ದೊಡ್ಡಮ್ಮ ಇದ್ದಕ್ಕಿದ್ದಂತೆ, ಅಯೋಡಿನ್ ಬಟ್ಟಲಿಗೆ ಕೈ ಚಾಚುತ್ತ. “ನೀನು ಕರಿ. ಇದನ್ನ ನಾನು ಅದ್ದುತ್ತೀನಿ.”

ಎಡಚಕ್ಕ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಮೊದಲು ಕೈ ತೊಳ್ಕೊಂಡು ಬನ್ನಿ ದೊಡ್ಡಮ್ಮ. ಕೆಂದಿ ಮುಟ್ಟಿ ಬಂದಿದ್ದೀರಿ.”

ಈ ಕೊಟ್ಟಿಗೆಯಲ್ಲಿ ದೊಡ್ಡಮ್ಮನಿಗೆ ಇದನ್ನು ಮಾಡಿ ಎಂದು ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಆಕೆ ಎಡಚಕ್ಕನನ್ನು ದಿಟ್ಟಿಸಿದಳು. ಎಡಚಕ್ಕ ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ದೊಡ್ಡಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ, ಒಂದೊಂದೇ ಹೆಜ್ಜೆ ಇಡುತ್ತ ನಲ್ಲಿಯತ್ತ ನಡೆದಳು.

“ಸೋಪು ಹಾಕಿ,” ಎಂದು ಎಡಚಕ್ಕ ಹಿಂದಿನಿಂದ ಕೂಗಿದಳು. “ಉಗುರಿನ ಒಳಗೂ.”